ಕೌಲ್ ಬಜಾರಿನ ಭಾನುವಾರದ ತರಗತಿ: ಸೇನೆ ಹಿಡಿದ ಊರಿಗೆ ಅಕ್ಕಿ ಮುಟ್ಟಿಸುವುದು ಹೇಗೆ

ಮೊದಲೇ ಹೇಳಿಬಿಡುತ್ತೇನೆ, ಈ ತರಗತಿಗೆ ಹೋಗಿ. ಫೀಸು 1,800 ರೂಪಾಯಿ, ಮಧ್ಯಾಹ್ನದ ಊಟ ಅದರಲ್ಲೇ ಬಂತು, ಒಂದು ತಿಂಗಳ ಭಾನುವಾರಗಳು ಮಾತ್ರ. ನರ್ಸಿಂಗ್ ಮುಗಿಸಿ ಹೊರದೇಶಕ್ಕೆ ಹೊರಟ ಹುಡುಗಿಯರು, ವಕೀಲರು, ಹೊಳೆ ಬಂದಾಗ ಊರೂರಿಗೆ ಕಿಟ್ ಹೊತ್ತೊಯ್ಯುವ ಸಂಘದವರು, ಗೋದಾಮು ಮತ್ತು ಲಾರಿ ಕೆಲಸದವರು, ಇವರಲ್ಲಿ ಯಾರು ಹೋದರೂ ಕೊಟ್ಟ ದುಡ್ಡಿಗೆ ಮೋಸವಿಲ್ಲ. ಸರ್ಟಿಫಿಕೇಟಿಗಾಗಿ ಮಾತ್ರ ಹೋಗುವುದಾದರೆ ಬೇಡ. ಅವರು ಕೊಡುವುದು ಒಂದು ಸಾದಾ ಕಾಗದ, ಯಾವ ನೌಕರಿಗೂ ಅದು ಲೆಕ್ಕಕ್ಕೆ ಬರುವುದಿಲ್ಲ.

ಬಳ್ಳಾರಿ ಕೌಲ್ ಬಜಾರಿನ ಹಿಂದಿನ ಬೀದಿಯೊಂದರಲ್ಲಿ, ಮೊದಲ ಮಹಡಿಯ ಹಾಲಿನಲ್ಲಿ ನಡೆಯುತ್ತದೆ. ಬೋರ್ಡಿಲ್ಲ. ಆ ಕಡೆಯ ಮಂದಿ 'ಡಾಕ್ಟರ್ ಸಾಹೇಬ್ರ ಕ್ಲಾಸು' ಅನ್ನುತ್ತಾರೆ, ಹಾಗೆ ಕೇಳಿದರೆ ಯಾರಾದರೂ ತೋರಿಸುತ್ತಾರೆ. ನಡೆಸುವವರು ಸೇನೆಯ ವೈದ್ಯಕೀಯ ವಿಭಾಗದಿಂದ ನಿವೃತ್ತರಾದ ವೈದ್ಯರು, ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯ ಜೊತೆ ಆಫ್ರಿಕಾದಲ್ಲಿ ಇದ್ದು ಬಂದವರು. ಕಾನೂನಿನ ಭಾಗ ಒಬ್ಬ ವಕೀಲ ಮೇಡಂ ನೋಡಿಕೊಳ್ಳುತ್ತಾರೆ. ವಿಷಯ ಇಷ್ಟೇ: ಒಂದು ಊರನ್ನು ಬೇರೆ ದೇಶದ ಸೇನೆ ಹಿಡಿದು ಕುಳಿತಾಗ ಅಲ್ಲಿನ ಸಾಮಾನ್ಯ ಜನರನ್ನು ಕಾಯುವುದು ಯಾರ ಹೊಣೆ, ಅವರಿಗೆ ಅನ್ನ, ನೀರು, ಔಷಧ ಮುಟ್ಟಿಸುವುದು ಹೇಗೆ.

ನಾನು ಗಂಗಾವತಿಯ ಒಂದು ರೈಸ್ ಮಿಲ್ಲಿನಲ್ಲಿ ರವಾನೆ ವಿಭಾಗ ನೋಡಿಕೊಳ್ಳುವವಳು. ಕಾಟಾ ಚೀಟಿ, ಗೇಟ್ ಪಾಸು, ಇ-ವೇ ಬಿಲ್ಲು, ಲಾರಿ, ಹಮಾಲರು, ಬೆಳಗಿನಿಂದ ರಾತ್ರಿವರೆಗೆ ಇದೇ. 2023ರ ಅಕ್ಟೋಬರಿನಲ್ಲಿ ಗಾಜಾದ ರಫಾ ಗಡಿಯಲ್ಲಿ, ಈಜಿಪ್ಟಿನ ಕಡೆ, ತುಂಬಿದ ಲಾರಿಗಳ ಸಾಲು ನಿಂತದ್ದನ್ನು ಟಿವಿಯಲ್ಲಿ ನೋಡಿದಾಗಿನಿಂದ ಇದರ ಒಳಗನ್ನು ತಿಳಿಯಬೇಕೆಂಬ ಹಟ ನನಗೆ ಹತ್ತಿತ್ತು. ಯುದ್ಧಕ್ಕೆ ಮುಂಚೆ ಎಲ್ಲ ದಾರಿಗಳಿಂದ ಸೇರಿ ದಿನಕ್ಕೆ 500ರ ಆಸುಪಾಸು ಲಾರಿ ಹೋಗುತ್ತಿದ್ದ ನೆಲಕ್ಕೆ, ಅಕ್ಟೋಬರ್ 21ರಂದು ಮೊದಲ ಸಲ ಬಿಟ್ಟದ್ದು 20 ಲಾರಿ. ತುಂಬಿದ ಲಾರಿ ಸುಮ್ಮನೆ ನಿಂತರೆ ಏನಾಗುತ್ತದೆಂದು ನಮ್ಮಂಥವರಿಗೆ ಯಾರೂ ಹೇಳಿಕೊಡಬೇಕಿಲ್ಲ. ನಿಂತ ದಿನಗಳ ಬಾಡಿಗೆ (ಹಾಲ್ಟಿಂಗ್) ಏರುತ್ತದೆ, ತಾಡಪಾಲಿನ ಕೆಳಗೆ ಚೀಲ ಬೆವರುತ್ತದೆ, ಡ್ರೈವರನ ಊಟದ ದುಡ್ಡು ಮುಗಿಯುತ್ತದೆ. ಆ ಸಾಲಿನ ಆಚೆ ತುದಿಯಲ್ಲಿ ಕಾಯುತ್ತಿದ್ದವರು ವ್ಯಾಪಾರಿಗಳಲ್ಲ, ಮಕ್ಕಳು. ಅದನ್ನು ನೋಡಿ ಟಿವಿ ಆರಿಸಿ ಮಲಗುವುದು ನನ್ನಿಂದ ಆಗಲಿಲ್ಲ.

ಮೊದಲ ಭಾನುವಾರ ಪೂರ್ತಿ ಕಾನೂನು. ವಕೀಲ ಮೇಡಂ ಶುರು ಮಾಡಿದ್ದೇ ಬಳ್ಳಾರಿಯಿಂದ. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷರು ಸೆರೆಹಿಡಿದ ತುರ್ಕಿ ಸೈನಿಕರನ್ನು ತಂದಿಟ್ಟ ಊರುಗಳಲ್ಲಿ ಬಳ್ಳಾರಿಯೂ ಒಂದು. 1917ರಲ್ಲಿ ಜಿನೀವಾದ ರೆಡ್ ಕ್ರಾಸ್ ಸಮಿತಿಯ ಪ್ರತಿನಿಧಿಗಳು ಭಾರತ ಮತ್ತು ಬರ್ಮಾದ ಶಿಬಿರಗಳನ್ನು ನೋಡಲು ಬಂದಾಗ ಇಲ್ಲಿಗೂ ಬಂದು ವರದಿ ಬರೆದರು. ನಾನು ಎಷ್ಟೋ ಸಲ ಓಡಾಡಿದ ಊರು ಇದು, ಈ ಸಂಗತಿ ಕೇಳಿದ್ದು ಅಲ್ಲೇ. ಮೇಡಂ ಅದನ್ನು ಹೇಳಿದ್ದಕ್ಕೆ ಕಾರಣವಿತ್ತು. ಸೆರೆಸಿಕ್ಕ ಸೈನಿಕನನ್ನು ಹೋಗಿ ನೋಡುವವರು ಆಗಲೇ ಇದ್ದರು. ಊರಲ್ಲಿ ಉಳಿದ ರೈತ, ಬಾಣಂತಿ, ಅಂಗಡಿಯವನಿಗಾಗಿಯೇ ಒಂದು ಪ್ರತ್ಯೇಕ ಒಪ್ಪಂದ ಬರಬೇಕಾದರೆ ಇನ್ನೊಂದು ಮಹಾಯುದ್ಧ ಕಳೆದು 1949ರ ಆಗಸ್ಟ್ 12 ಬರಬೇಕಾಯಿತು. ಅದೇ ನಾಲ್ಕನೇ ಜಿನೀವಾ ಒಪ್ಪಂದ, 159 ಕಲಂಗಳದ್ದು. ಭಾರತ 1950ರಲ್ಲಿ ಅದಕ್ಕೆ ಸೇರಿ, 1960ರಲ್ಲಿ ಜಿನೀವಾ ಒಪ್ಪಂದಗಳ ಕಾಯ್ದೆಯನ್ನೂ ಮಾಡಿಕೊಂಡಿದೆ. ಆಮೇಲೆ 1977ರಲ್ಲಿ ಬಂದ ಹೆಚ್ಚುವರಿ ಒಪ್ಪಂದಗಳಿಗೆ ನಾವು ಸೇರಿಲ್ಲ, ಇದನ್ನೂ ಮೇಡಂ ಮುಚ್ಚಿಡದೆ ಹೇಳಿದರು.

ಒಂದು ನೆಲ ಸೇನೆಯ ವಶದಲ್ಲಿದೆ ಎಂದು ಯಾವಾಗ ಹೇಳುತ್ತಾರೆ? 1907ರ ಹೇಗ್ ನಿಯಮಗಳ 42ನೇ ಕಲಂ ಪ್ರಕಾರ, ಶತ್ರು ಸೇನೆಯ ಅಧಿಕಾರ ಅಲ್ಲಿ ನಿಜವಾಗಿ ನಡೆಯುತ್ತಿದ್ದರೆ ಸಾಕು. ಹಿಡಿದವರು ಒಪ್ಪಲಿ ಬಿಡಲಿ, ನಡೆಯುವ ಅಧಿಕಾರವೇ ಲೆಕ್ಕ. ಹಿಡಿದವರೇ ಕಾಗದದಲ್ಲಿ ಒಪ್ಪಿಕೊಂಡದ್ದು ಅಪರೂಪ. 2003ರ ಮೇ 22ರ ಭದ್ರತಾ ಮಂಡಳಿಯ 1483ನೇ ನಿರ್ಣಯದಲ್ಲಿ ಇರಾಕಿಗೆ ಸಂಬಂಧಿಸಿ ಅಮೆರಿಕ ಮತ್ತು ಬ್ರಿಟನ್ನಿಗೆ ಹಿಡಿದ ಸೇನೆಯ ಹೊಣೆ ಹೆಸರು ಹಿಡಿದೇ ಬಂದಿದೆ.

ಇಡೀ ತರಗತಿಯ ತಿರುಳು ನಾಲ್ಕನೇ ಒಪ್ಪಂದದ 55ರಿಂದ 61ರವರೆಗಿನ ಕಲಂಗಳಲ್ಲಿದೆ, ಹಾಗಾಗಿ ಅವನ್ನು ಇಲ್ಲಿ ಬಿಡಿಸಿ ಬರೆಯುತ್ತೇನೆ. ಹಿಡಿದ ಊರಿನ ಜನಕ್ಕೆ ಆಹಾರ, ಔಷಧ ಇರುವಂತೆ ತನ್ನ ಕೈಲಾದಷ್ಟು ನೋಡಿಕೊಳ್ಳುವುದು ಹಿಡಿದ ಸೇನೆಯ ಕರ್ತವ್ಯ. ಊರಲ್ಲಿ ಇಲ್ಲದಿದ್ದರೆ ಹೊರಗಿನಿಂದ ತರಿಸಬೇಕು. ಅಲ್ಲಿನ ದವಸವನ್ನು ತನ್ನ ಪಡೆಗೆ ಎತ್ತಿಕೊಳ್ಳುವುದಿದ್ದರೂ ಮೊದಲು ಜನರ ಅಗತ್ಯ ನೋಡಬೇಕು, ಎತ್ತಿಕೊಂಡದ್ದಕ್ಕೆ ನ್ಯಾಯವಾದ ಬೆಲೆ ಕೊಡಬೇಕು. ಆಸ್ಪತ್ರೆ, ಊರಿನ ಆರೋಗ್ಯ, ರೋಗ ಹರಡದಂತೆ ತಡೆಯುವುದು 56ರಲ್ಲಿ ಬರುತ್ತದೆ. ಜನಕ್ಕೆ ಸಾಲದಿದ್ದಾಗ ಹೊರಗಿನವರ ನೆರವನ್ನು ಒಪ್ಪಲೇಬೇಕು, ಅದಕ್ಕೆ ಅನುಕೂಲ ಮಾಡಿಕೊಡಬೇಕು ಎನ್ನುವುದು 59. ದಾರಿಯಲ್ಲಿ ಬರುವ ದೇಶಗಳಿಗೆ ಸರಕು ತಪಾಸಿಸುವ, ಹೊತ್ತು ಮತ್ತು ದಾರಿ ಗೊತ್ತುಪಡಿಸುವ ಹಕ್ಕುಂಟು. ತಪಾಸಣೆಯ ನೆಪದಲ್ಲಿ ಕೊಳೆಸುವ ಹಕ್ಕಿಲ್ಲ. ನೆರವಿನ ಸರಕಿಗೆ ತೆರಿಗೆ, ಸುಂಕ ಇರಬಾರದು ಎನ್ನುವುದು 61. ಅದಕ್ಕಿರುವ ವಿನಾಯಿತಿ ಒಂದೇ: ಆ ನೆಲದ ಆರ್ಥಿಕತೆಯ ಹಿತಕ್ಕೆ ಸುಂಕ ಬೇಕೇಬೇಕಾದಾಗ.

ನಡುವೆ ಉಳಿದ 60ನೇ ಕಲಂ ಎರಡು ವಾಕ್ಯದ್ದು, ನನಗೆ ಎಲ್ಲಕ್ಕಿಂತ ದೊಡ್ಡದು ಅದೇ. ಹೊರಗಿನಿಂದ ನೆರವು ಬಂತೆಂದು ಹಿಡಿದ ಸೇನೆಯ ಹೊಣೆ ಒಂದಿಷ್ಟೂ ಕಡಿಮೆಯಾಗುವುದಿಲ್ಲ. ಮೇಡಂ ಇದನ್ನು ಕೋರ್ಟಿನ ಮಾತಲ್ಲೇ ಹೇಳಿದರು: ಜೀವನಾಂಶ ಕೊಡಬೇಕಾದ ಗಂಡ, ತವರಿನವರು ಒಂದು ಚೀಲ ಅಕ್ಕಿ ಕಳಿಸಿದರೆಂದು ಕೈ ತೊಳೆದುಕೊಳ್ಳುವಂತಿಲ್ಲ. ಹಾಲಿನಲ್ಲಿದ್ದ ಹೆಂಗಸರೆಲ್ಲ ಒಮ್ಮೆಗೇ ತಲೆ ಆಡಿಸಿದೆವು. ಟಿವಿಯಲ್ಲಿ ಲಾರಿ ಒಳಗೆ ಬಿಟ್ಟದ್ದನ್ನು ದಾನ ಕೊಟ್ಟಂತೆ ತೋರಿಸುತ್ತಾರಲ್ಲ, ಅದು ದಾನವಲ್ಲ, ತೀರಿಸಬೇಕಾದ ಬಾಕಿ. 2025ರ ಅಕ್ಟೋಬರ್ 22ರಂದು ಅಂತರರಾಷ್ಟ್ರೀಯ ನ್ಯಾಯಾಲಯ ಕೊಟ್ಟ ಸಲಹಾ ಅಭಿಪ್ರಾಯವೂ ಇದೇ ದಾರಿಯಲ್ಲಿದೆ. ವಿಶ್ವಸಂಸ್ಥೆ ಮತ್ತು ಅದರ ಸಂಸ್ಥೆಗಳು ಗಾಜಾಕ್ಕೆ ತರುವ ನೆರವನ್ನು ಇಸ್ರೇಲ್ ಒಪ್ಪಿ ಅನುಕೂಲ ಮಾಡಿಕೊಡಬೇಕು, ಹಸಿವನ್ನು ಯುದ್ಧದ ಆಯುಧ ಮಾಡುವಂತಿಲ್ಲ ಎಂದಿದೆ. ಸಲಹೆ ಅಂದಮೇಲೆ ಜಾರಿ ಮಾಡಿಸಲು ಪೊಲೀಸರಿಲ್ಲ. ಆದರೂ ಇದು ಕಾಗದದಲ್ಲಿ ಇರುವುದಕ್ಕೂ ಇಲ್ಲದಿರುವುದಕ್ಕೂ ವ್ಯತ್ಯಾಸವಿದೆ. ಕೈಯಲ್ಲಿ ರಸೀದಿ ಇದ್ದವನೇ ನಾಳೆ ಕೇಳಬಲ್ಲ.

ಎರಡನೇ ಭಾನುವಾರ ಲೆಕ್ಕದ್ದು, ಅದು ನನ್ನ ಮನೆ ಅಂಗಳ. ತುರ್ತು ನೆರವಿನಲ್ಲಿ ಒಬ್ಬ ಮನುಷ್ಯನಿಗೆ ದಿನಕ್ಕೆ 2,100 ಕಿಲೋಕ್ಯಾಲರಿ ಎಂದು ಲೆಕ್ಕ ಹಿಡಿಯುತ್ತಾರೆ. ಧಾನ್ಯ 400 ಗ್ರಾಂ, ಅದರ ಮೇಲೆ ಬೇಳೆ, ಎಣ್ಣೆ, ಉಪ್ಪು. ಅಂದರೆ ತಿಂಗಳಿಗೆ ಒಬ್ಬರಿಗೆ 12 ಕೆಜಿ ಅಕ್ಕಿ. 50 ಕೆಜಿಯ ಒಂದು ಚೀಲ ನಾಲ್ಕು ಮಂದಿಯ ಮನೆಗೆ ಒಂದು ತಿಂಗಳು. 20 ಟನ್ ಹೊತ್ತ ಲಾರಿಯಲ್ಲಿ 400 ಚೀಲ, ಹಾಗಾದರೆ 400 ಮನೆ. ನಾನು ದಿನಾ ಗೇಟು ದಾಟಿಸುವ ಲಾರಿಯನ್ನು ಹೀಗೆ ಮನೆಗಳಾಗಿ ಎಣಿಸಿದ್ದು ಅಂದೇ ಮೊದಲು. ಗಡಿಯಲ್ಲಿ ಒಂದು ಲಾರಿ ವಾಪಸಾಯಿತೆಂದರೆ 400 ಒಲೆಯ ಮಾತು ಎಂದು ಈಗ ಲೆಕ್ಕ ಹಾಕದೆ ಇರಲಾರೆ.

ಇಲ್ಲಿ ಒಂದು ಮಾತು ನನ್ನ ಕಡೆಯಿಂದ ಸೇರಿಸಿದೆ, ಡಾಕ್ಟರ್ ಸಾಹೇಬರು ಬೋರ್ಡಿನ ಮೇಲೆ ಬರೆದುಕೊಂಡರು. ಅಕ್ಕಿ ಕೊಟ್ಟರೆ ಅನ್ನ ಆಗಲಿಲ್ಲ. ನೀರು ಬೇಕು, ಗ್ಯಾಸೋ ಕಟ್ಟಿಗೆಯೋ ಬೇಕು, ಪಾತ್ರೆ ಬೇಕು. ಒಬ್ಬರಿಗೆ ದಿನಕ್ಕೆ ಕನಿಷ್ಠ 15 ಲೀಟರ್ ನೀರು ಎನ್ನುವುದು ನೆರವಿನವರ ಲೆಕ್ಕ, ಕುಡಿಯಲು, ಅಡಿಗೆಗೆ, ತೊಳೆಯಲು ಎಲ್ಲ ಸೇರಿ. ಇಂಧನ ನಿಲ್ಲಿಸಿ ಅಕ್ಕಿ ಬಿಟ್ಟರೆ ಹಸಿವು ನಿಂತಂತೆ ಅಲ್ಲ. ಪಂಪು ನಿಲ್ಲುತ್ತದೆ, ರೊಟ್ಟಿ ಬೇಯಿಸುವ ಬೇಕರಿ ನಿಲ್ಲುತ್ತದೆ, ಆಸ್ಪತ್ರೆಯ ಜನರೇಟರ್ ನಿಲ್ಲುತ್ತದೆ. ಹೀಗಾಗಿ ಎಷ್ಟು ಲಾರಿ ಹೋದವು ಎಂಬ ಅಂಕಿ ಒಂದನ್ನೇ ನಂಬಬೇಡಿ, ಲಾರಿಯಲ್ಲಿ ಏನಿತ್ತು ಎಂದು ಕೇಳಿ.

ಬೆಲ್ಜಿಯಂ ಕತೆಯನ್ನು ಸಾಹೇಬರು ಅದೇ ದಿನ ಹೇಳಿದರು, ಚೀಲದ ಕೆಲಸದವಳಾದ ನನಗೆ ಅದು ಇನ್ನೂ ತಲೆಯಲ್ಲಿದೆ. 1914ರಲ್ಲಿ ಜರ್ಮನ್ ಸೇನೆ ಬೆಲ್ಜಿಯಂ ಹಿಡಿಯಿತು. ಆ ದೇಶ ತಿನ್ನುವ ಕಾಳಿನ ಬಹುಪಾಲು ಹೊರಗಿನಿಂದ ಬರುತ್ತಿತ್ತು, ಹೊರಗಿನ ಸಮುದ್ರವನ್ನು ಬ್ರಿಟಿಷ್ ನೌಕಾಪಡೆ ಮುಚ್ಚಿತ್ತು. ಹಿಡಿದವರು 'ದಿಗ್ಬಂಧನ ನಮ್ಮದಲ್ಲ' ಅನ್ನಬಹುದು, ಮುಚ್ಚಿದವರು 'ಉಣಿಸುವ ಹೊಣೆ ಹಿಡಿದವರದು' ಅನ್ನಬಹುದು, ನಡುವೆ ಊರು ಸಾಯುತ್ತದೆ. ಅಮೆರಿಕದ ಹರ್ಬರ್ಟ್ ಹೂವರ್ ಮುಂದಾಳಾಗಿ ಅಕ್ಟೋಬರಿನಲ್ಲಿ ಒಂದು ನೆರವು ಆಯೋಗ ಎದ್ದಿತು. ಬಂದ ಆಹಾರವನ್ನು ಮುಟ್ಟುವುದಿಲ್ಲ ಎಂದು ಜರ್ಮನರಿಂದ ಮಾತು ತೆಗೆದುಕೊಂಡರು, ಹಡಗು ತಡೆಯುವುದಿಲ್ಲ ಎಂದು ಬ್ರಿಟಿಷರಿಂದ. ರಾಟರ್‌ಡ್ಯಾಮ್ ಬಂದರಿಗೆ ಹಡಗು, ಅಲ್ಲಿಂದ ಕಾಲುವೆಯ ದೋಣಿ, ಊರಲ್ಲಿ ಹಂಚಲು ಬೆಲ್ಜಿಯಂನವರದೇ ಸಮಿತಿ. ಬೆಲ್ಜಿಯಂ ಮತ್ತು ಉತ್ತರ ಫ್ರಾನ್ಸಿನ 90 ಲಕ್ಷದಷ್ಟು ಜನರಿಗೆ 1919ರವರೆಗೆ ಹೀಗೆ ಅನ್ನ ಮುಟ್ಟಿತು.

ಆದರೆ ನನ್ನ ಕಣ್ಣು ಬಿದ್ದದ್ದು ಖಾಲಿ ಚೀಲದ ಮೇಲೆ. ಹಿಟ್ಟು ಬಂದ ಹತ್ತಿಯ ಚೀಲವನ್ನೂ ಅವರು ಒಂದೊಂದಾಗಿ ಲೆಕ್ಕ ಇಡುತ್ತಿದ್ದರು. ಹತ್ತಿ ಮದ್ದುಗುಂಡಿಗೆ ಬಳಕೆಯಾಗುತ್ತದೆ, ಜರ್ಮನರ ಕೈಗೆ ಹೋದರೆ ಬ್ರಿಟಿಷರು ಹಡಗು ನಿಲ್ಲಿಸುತ್ತಾರೆ. ಅದೇ ಗುರುತಿನ ಚೀಲಕ್ಕೆ ಕಳಪೆ ಹಿಟ್ಟು ತುಂಬಿ ಮಾರುವವರೂ ಹುಟ್ಟಿಕೊಳ್ಳುತ್ತಾರೆ. ಹಾಗಾಗಿ ಖಾಲಿ ಚೀಲಗಳನ್ನು ಹೊಲಿಗೆ ಶಾಲೆಗಳಿಗೆ ಕೊಟ್ಟರು. ಹೆಣ್ಣುಮಕ್ಕಳು ಅದರಿಂದ ಬಟ್ಟೆ ಹೊಲಿದರು, ಚೀಲದ ಅಚ್ಚಿನ ಮೇಲೇ ಕಸೂತಿ ಹಾಕಿ ಹಿಟ್ಟು ಕೊಟ್ಟ ಊರುಗಳಿಗೆ ವಾಪಸು ಕಳಿಸಿದರು. ಸಾಹೇಬರು ಅಂಥ ಒಂದು ಚೀಲದ ಚಿತ್ರ ತೋರಿಸಿದರು, ಗಿರಣಿಯ ಹೆಸರಿನ ಸುತ್ತ ಬಣ್ಣದ ದಾರ. ನಮ್ಮಲ್ಲಿ ಖಾಲಿ ಚೀಲಕ್ಕೆ ಯಾರೂ ಲೆಕ್ಕ ಬರೆಯುವುದಿಲ್ಲ. ಅಲ್ಲಿ ಒಂದು ದೇಶದ ಊಟ ಆ ಲೆಕ್ಕದ ಮೇಲೆ ನಿಂತಿತ್ತು. ಎರಡೂ ಕಡೆಯ ಸೇನೆ ನಂಬುವಂಥ ವಹಿ ಇಟ್ಟವನೇ ಊಟ ಮುಟ್ಟಿಸಬಲ್ಲ, ಈ ತರಗತಿಯಿಂದ ನಾನು ಹೊತ್ತು ತಂದ ಮಾತು ಇದೊಂದೇ ಆದರೂ ಫೀಸು ವಸೂಲಾಯಿತು.

ಗ್ರೀಸ್ ಉದಾಹರಣೆ ಇದರ ಉಲ್ಟಾ. 1941ರಲ್ಲಿ ಜರ್ಮನಿ, ಇಟಲಿ, ಬಲ್ಗೇರಿಯಾ ಆ ದೇಶವನ್ನು ಹಂಚಿಕೊಂಡು ಹಿಡಿದವು, ಹೊರಗಿನಿಂದ ಮತ್ತದೇ ಬ್ರಿಟಿಷ್ ದಿಗ್ಬಂಧನ. ಒಪ್ಪಂದ ಕುದುರುವಷ್ಟರಲ್ಲಿ ಚಳಿಗಾಲ ಬಂದು ಅಥೆನ್ಸಿನ ಬೀದಿಗಳಲ್ಲಿ ಜನ ಹಸಿದು ಸತ್ತರು. ಇಸ್ತಾಂಬುಲ್‌ನಿಂದ ಆಹಾರ ಹೊತ್ತು ಓಡಾಡಿದ ಕುರ್ತುಲುಷ್ ಎಂಬ ಹಡಗು 1942ರ ಜನವರಿಯಲ್ಲಿ ಮುಳುಗಿಹೋಯಿತು. ಅದೇ ವರ್ಷ ದಿಗ್ಬಂಧನ ಸಡಿಲಿಸಿ ಸ್ವೀಡನ್ನಿನ ಹಡಗುಗಳಲ್ಲಿ ಕೆನಡಾದ ಗೋಧಿ ತಂದರು. ಗ್ರೀಸಿಗೆ ಆಹಾರ ಬಿಡಿ ಎಂದು ಇಂಗ್ಲೆಂಡಿನಲ್ಲಿ ತಮ್ಮದೇ ಸರ್ಕಾರವನ್ನು ಒತ್ತಾಯಿಸಿದವರ ಸಮಿತಿಯೇ ಮುಂದೆ ಆಕ್ಸ್‌ಫ್ಯಾಮ್ ಎಂಬ ನೆರವು ಸಂಸ್ಥೆ ಆಯಿತು. ಕಲಂ 55, 59 ಹುಟ್ಟಿದ್ದು ಇಂಥ ಹೆಣಗಳ ಮೇಲೆ.

ಮೂರನೇ ವಾರದ ಅಣಕು ತಪಾಸಣೆ ತರಗತಿಯ ಜೀವ. ಕೆಳಗಿನ ಅಂಗಳದಲ್ಲಿ ಹಗ್ಗ ಕಟ್ಟಿ ಚೆಕ್‌ಪೋಸ್ಟ್ ಮಾಡಿದ್ದರು. ಒಂದು ಟಾಟಾ ಏಸ್ ಗಾಡಿ, ಅದರಲ್ಲಿ ಹೊಟ್ಟು ತುಂಬಿದ ಚೀಲಗಳು. ಸಾಹೇಬರೇ ಸೇನಾಧಿಕಾರಿ. ನಾವು ನೆರವಿನವರು. ಕೈಯಲ್ಲಿ ಇರಬೇಕಾದ ಕಾಗದ: ಸರಕಿನ ಪಟ್ಟಿ, ಔಷಧವಿದ್ದರೆ ಬ್ಯಾಚ್ ಮತ್ತು ಅವಧಿ, ಡ್ರೈವರನ ಗುರುತು, ಹೋಗುವ ದಾರಿ, ಹೊತ್ತು, ಇಳಿಸುವ ಜಾಗ. ಪಟ್ಟಿಯಲ್ಲಿ ಒಂದು ಚೀಲ ಹೆಚ್ಚುಕಡಿಮೆ ಆದರೂ ಪೂರಾ ಗಾಡಿ ಇಳಿಸಿ ಎಣಿಸಲು ಅವರಿಗೆ ನೆಪ ಸಿಕ್ಕಂತೆ. ನಾನು ಹೇಳಿದೆ, ಲೋಡ್ ಮಾಡುವಾಗಲೇ ಪೇರಿಸಿದ ಚೀಲಗಳ ಪ್ರತಿ ಸಾಲಿಗೂ ಗುರುತು ಹಾಕಿದರೆ ಹೊರಗಿನಿಂದಲೇ ಎಣಿಸಬಹುದು, ಇಳಿಸಬೇಕಿಲ್ಲ. ಮಾಡಿ ತೋರಿಸಿದೆ, ಮುಂದಿನ ಗುಂಪು ಹಾಗೇ ಮಾಡಿತು.

ಎಲ್ಲ ಸರಿಯಾಯಿತು ಅನ್ನುವಾಗ ಸಾಹೇಬರು ಬಾನೆಟ್ಟಿನ ಮೇಲೆ ಕೈಯೂರಿ ಮೆಲ್ಲಗೆ ಕೇಳಿದರು, "ಹತ್ತು ಚೀಲ ನಮ್ಮ ಹುಡುಗರಿಗೆ ಇಳಿಸ್ರಿ. ಉಳಿದದ್ದು ಹೋಗಲಿ."

ಎಪಿಎಂಸಿಯ ಹಮಾಲರ ಮುಖಂಡ ಒಬ್ಬರು ನಮ್ಮ ಗುಂಪಿನಲ್ಲಿದ್ದರು, ಹಿರಿಯರು. "ತಗೋರಿ ಸಾಹೇಬ್ರ, ಉಳಿದದ್ದಾದ್ರೂ ಕೂಸುಗಳ ಹೊಟ್ಟಿಗೆ ಹೋಗ್ಲಿ," ಅಂದುಬಿಟ್ಟರು. ನರ್ಸ್ ಹುಡುಗಿ ಅಡ್ಡ ಬಂದಳು. "ಬ್ಯಾಡ ಕಾಕಾ, ಇವತ್ತು ಹತ್ತು ಕೊಟ್ರ ನಾಳೆ ಅರ್ಧ ಗಾಡಿ ಕೇಳ್ತಾರ."

ಅಲ್ಲಿಂದ ಎದ್ದ ವಾದ ಊಟದ ಹೊತ್ತು ದಾಟಿತು. ಸಾಹೇಬರ ಉತ್ತರ: ಕೊಡಬೇಡಿ, ಸಿಟ್ಟಾಗಬೇಡಿ. ಕೇಳಿದವರ ಹೆಸರು, ಹುದ್ದೆ, ಹೊತ್ತು ಬರೆದುಕೊಳ್ಳಿ, ನಿಮ್ಮ ಮೇಲಿನವರಿಗೆ ತಿಳಿಸಿ, ಮೇಲಿನವರು ಅವರ ಮೇಲಿನವರ ಜೊತೆ ಮಾತಾಡಲಿ. ಸೇನೆಗೆ ಉಣಿಸಿದ ಗಾಡಿ ಎಂದು ಒಮ್ಮೆ ಹೆಸರು ಬಿದ್ದರೆ ಎದುರು ಪಕ್ಷ ಅದನ್ನು ಶತ್ರುವಿನ ಗಾಡಿ ಎಂದೇ ನೋಡುತ್ತದೆ. ಈ ಉತ್ತರ ಸರಿ ಎಂದು ನನ್ನ ಬುದ್ಧಿ ಒಪ್ಪುತ್ತದೆ. ಹಿರಿಯರ ಮಾತನ್ನು ತಪ್ಪೆನ್ನಲು ಮನಸ್ಸು ಇಂದಿಗೂ ಒಪ್ಪುತ್ತಿಲ್ಲ. ಗಾಡಿಯನ್ನು ವಾಪಸು ತಿರುಗಿಸುವ ತೀರ್ಮಾನ ಮಾಡುವವರು, ಆಚೆ ಊರಲ್ಲಿ ಇಂದು ರಾತ್ರಿ ಎಷ್ಟು ಒಲೆ ಉರಿಯುವುದಿಲ್ಲ ಎಂದು ಎಣಿಸಿಯೇ ಮಾಡಬೇಕು.

ಕಾಗದ ಸರಿಯಿದ್ದರೆ ಜೀವ ಉಳಿಯುತ್ತದೆ ಎಂಬ ಸುಳ್ಳು ಭರವಸೆಯನ್ನು ಅವರು ಕೊಡಲಿಲ್ಲ, ಅದಕ್ಕೆ ನನ್ನ ಗೌರವ. 2003ರ ಆಗಸ್ಟ್ 19ರಂದು ಬಾಗ್ದಾದಿನ ಕೆನಾಲ್ ಹೋಟೆಲಿನ ವಿಶ್ವಸಂಸ್ಥೆ ಕಚೇರಿಗೆ ಬಾಂಬಿಟ್ಟಾಗ 22 ಮಂದಿ ಸತ್ತರು, ಇರಾಕಿನಲ್ಲಿ ವಿಶ್ವಸಂಸ್ಥೆಯ ವಿಶೇಷ ಪ್ರತಿನಿಧಿಯಾಗಿದ್ದ ಸರ್ಜಿಯೋ ವಿಯೆರಾ ಡಿ ಮೆಲೋ ಅವರಲ್ಲೊಬ್ಬರು. ಆ ದಿನವೇ ಈಗ ವಿಶ್ವ ಮಾನವೀಯ ದಿನ. 2024ರ ಏಪ್ರಿಲ್ 1ರಂದು ಗಾಜಾದ ದೇರ್ ಅಲ್-ಬಲಾಹ್‌ನಲ್ಲಿ ಊಟ ಹಂಚುವ ವರ್ಲ್ಡ್ ಸೆಂಟ್ರಲ್ ಕಿಚನ್ ಸಂಸ್ಥೆಯ ಏಳು ಮಂದಿಯನ್ನು ಇಸ್ರೇಲಿ ದಾಳಿ ಕೊಂದಿತು. ತಮ್ಮ ಓಡಾಟವನ್ನು ಅವರು ಸೇನೆಗೆ ಮೊದಲೇ ತಿಳಿಸಿದ್ದರು. ಎದುರು ಕುಳಿತ ನರ್ಸ್ ಹುಡುಗಿಯರ ಮುಖ ನೋಡಿ ಸಾಹೇಬರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೋಗೋದು ಬಿಡೋದು ನಿಮ್ಮಿಷ್ಟ ಅಮ್ಮಾ. ತಿಳಿದು ಹೋಗ್ರಿ," ಅಂದರು.

ಕೊನೆಯ ವಾರ ಹಂಚಿಕೆ. ಈ ಭಾಗದವರಿಗೆ ನೇರವಾಗಿ ಉಪಯೋಗಕ್ಕೆ ಬರುವುದು ಇದು. 2009ರ ಅಕ್ಟೋಬರಿನ ನೆರೆಯಲ್ಲಿ, ಮಂತ್ರಾಲಯ ಮುಳುಗಿದ ಆ ವಾರ, ನಮ್ಮ ಕಡೆಯಿಂದ ಸಿರುಗುಪ್ಪದ ಹಳ್ಳಿಗಳಿಗೆ ಅಕ್ಕಿ ಒಯ್ದಾಗ ನಾನು ನೋಡಿದ್ದೇನೆ. ಮುಂದೆ ನಿಂತ ಗಟ್ಟಿ ಗಂಡಸರು ಎರಡೆರಡು ಕಿಟ್ ಎತ್ತಿಕೊಂಡರು, ಕೂಸು ಹಿಡಿದ ಬಾಣಂತಿ ಗುಡಿಕಟ್ಟೆ ಬಿಟ್ಟು ಏಳಲಾಗದೆ ಕುಳಿತಿದ್ದಳು. ಅಲ್ಲಿ ಬಂದೂಕಿರಲಿಲ್ಲ, ಬರೀ ನೀರು. ಬಂದೂಕಿನ ನೆರಳಲ್ಲಿ ಇದೇ ಹಂಚಿಕೆ ಪ್ರಾಣಕ್ಕೆ ಬರುತ್ತದೆ. ಹಂಚುವ ಜಾಗ ಸೇನಾ ಠಾಣೆಯ ಪಕ್ಕ ಇರಬಾರದು, ಜನ ದೂರ ನಡೆಯುವಂತಿರಬಾರದು, ಹೊತ್ತು ಮುಳುಗುವ ಮುಂಚೆ ಎಲ್ಲರೂ ಮನೆ ಸೇರಿರಬೇಕು, ಕೆಲವೇ ಕೇಂದ್ರಗಳಿಗೆ ಊರನ್ನೆಲ್ಲ ನೂಕಬಾರದು. 2025ರ ಮೇ ಕೊನೆಗೆ ಗಾಜಾದಲ್ಲಿ ಸೇನೆಯ ಕಾವಲಿನ ಹೊಸ ಹಂಚಿಕೆ ಕೇಂದ್ರಗಳು ಶುರುವಾದ ಮೇಲೆ, ಆಹಾರಕ್ಕೆ ಹೊರಟ ನೂರಾರು ಮಂದಿ ಅವುಗಳ ಸುತ್ತಮುತ್ತ ಸತ್ತರೆಂದು ವಿಶ್ವಸಂಸ್ಥೆಯ ಮಾನವ ಹಕ್ಕು ಕಚೇರಿ ದಾಖಲಿಸಿದೆ. ಹಿಟ್ಟಿಗೆಂದು ಹೋದ ಮಗ ವಾಪಸು ಬರಲಿಲ್ಲ ಎಂಬ ಮಾತನ್ನು ಯಾವ ತಾಯಿಯೂ ಹೇಳುವಂತಾಗಬಾರದು.

ಹೆಸರಿನ ಪಟ್ಟಿಯ ಬಗ್ಗೆ ಮೇಡಂ ಹೇಳಿದ್ದು ನಾನು ಯೋಚಿಸಿಯೇ ಇರದ ವಿಷಯ. ಯಾರಿಗೆ ಎಷ್ಟು ಕೊಟ್ಟೆವು ಎಂಬ ಪಟ್ಟಿ ಇಲ್ಲದಿದ್ದರೆ ಸೋರಿಕೆ. ಪಟ್ಟಿಯಲ್ಲಿ ಜಾತಿ, ಧರ್ಮ, ಮಗ ಎಲ್ಲಿದ್ದಾನೆ, ಗಂಡ ಏನು ಮಾಡುತ್ತಿದ್ದ ಎಂದೆಲ್ಲ ಬರೆದಿಟ್ಟರೆ, ನಾಳೆ ಅದು ಸೈನಿಕರ ಕೈಗೆ ಸಿಕ್ಕಾಗ ಮನೆಮನೆಗೆ ನುಗ್ಗಲು ನಾವೇ ದಾರಿ ಬರೆದುಕೊಟ್ಟಂತೆ. ಬೇಕಾದಷ್ಟನ್ನೇ ಕೇಳಿ, ಮಂದಿಯ ಎಣಿಕೆ, ಕೂಸು, ಬಸುರಿ, ವಯಸ್ಸಾದವರು, ಕಾಯಿಲೆ. ಒಬ್ಬನ ತಪ್ಪಿಗೆ ಊರಿಗೆಲ್ಲ ಶಿಕ್ಷೆ ಕೊಡುವಂತಿಲ್ಲ ಎನ್ನುವುದು 33ನೇ ಕಲಂ. ಜನರನ್ನು ಬಲವಂತವಾಗಿ ಎಬ್ಬಿಸಿ ಸಾಗಿಸುವಂತಿಲ್ಲ, ತನ್ನ ಜನರನ್ನು ತಂದು ಆ ನೆಲದಲ್ಲಿ ಕೂರಿಸುವಂತಿಲ್ಲ ಎನ್ನುವುದು 49. ಪಟ್ಟಿ ಬರೆಯುವವನ ಪೆನ್ನಿನ ಹಿಂದೆ ಈ ಎರಡೂ ಇರಬೇಕು ಎಂದರು ಮೇಡಂ.

ಅಣೆಕಟ್ಟಿನ ಮಾತು ಬಂದಾಗ ತರಗತಿ ಗಪ್ಪಾಯಿತು. 2023ರ ಜೂನ್ 6ರಂದು ಉಕ್ರೇನಿನ ಕಖೋವ್ಕಾ ಅಣೆಕಟ್ಟು ಒಡೆಯಿತು. ನದಿಯ ಒಂದು ದಡ ಉಕ್ರೇನಿನ ಕೈಯಲ್ಲಿ, ಇನ್ನೊಂದು ರಷ್ಯಾ ಸೇನೆಯ ಕೈಯಲ್ಲಿ. ಆ ಇನ್ನೊಂದು ದಡದಲ್ಲಿ ಮುಳುಗಿದವರನ್ನು ಮುಟ್ಟಲು ಬಿಡಿ ಎಂದು ವಿಶ್ವಸಂಸ್ಥೆ ಕೇಳಿದರೂ ರಷ್ಯಾ ಒಪ್ಪಲಿಲ್ಲ. 2024ರ ಆಗಸ್ಟ್ 10ರ ರಾತ್ರಿ ನಮ್ಮ ತುಂಗಭದ್ರೆಯ 19ನೇ ಗೇಟು ಕೊಚ್ಚಿಹೋದಾಗ ಹೊಳೆದಂಡೆಯವರೆಲ್ಲ ಹೇಗೆ ಎದ್ದು ಕುಳಿತಿದ್ದೆವು ಎಂಬುದು ಇಲ್ಲಿನವರಿಗೆ ನೆನಪಿದೆ. ನಮಗೆ ಇಂಜಿನಿಯರ್ ಬಂದರು, ಅಧಿಕಾರಿಗಳು ಬಂದರು, ಎರಡೂ ದಡಕ್ಕೆ ಒಂದೇ ಎಚ್ಚರಿಕೆ ಹೋಯಿತು. ನೀರು ಒಂದೇ, ಒಂದು ದಡಕ್ಕೆ ದೋಣಿ ಬರುತ್ತದೆ, ಇನ್ನೊಂದಕ್ಕೆ ಬರಗೊಡುವುದಿಲ್ಲ ಅನ್ನುವುದನ್ನು ಯೋಚಿಸಿದರೆ ನನಗೆ ಈಗಲೂ ಹೊಟ್ಟೆಯಲ್ಲಿ ಸಂಕಟ.

ಕೊರತೆಗಳಿಲ್ಲದೆ ಇಲ್ಲ. ಹಂಚುವ ಕಾಗದಗಳೆಲ್ಲ ಇಂಗ್ಲಿಷಿನಲ್ಲಿ, ಎಪಿಎಂಸಿಯ ಹಿರಿಯರಿಗೆ ಅವು ಯಾವ ಕೆಲಸಕ್ಕೂ ಬರಲಿಲ್ಲ. ಕಲಂಗಳನ್ನಾದರೂ ಕನ್ನಡದಲ್ಲಿ ಅಚ್ಚು ಹಾಕಿಸಬೇಕು. ಮನೆಯವರಿಂದ ಅಗಲಿದವರನ್ನು ಹುಡುಕಿಕೊಡುವುದು, ರೆಡ್ ಕ್ರಾಸ್ ಮೂಲಕ ಮನೆಗೆ ಸುದ್ದಿ ಮುಟ್ಟಿಸುವುದು ಇಷ್ಟು ದೊಡ್ಡ ವಿಷಯ, ಅದನ್ನು ಕೊನೆಯ ಅರ್ಧ ಗಂಟೆಯಲ್ಲಿ ಓಡಿಸಿದರು. ಸಾಮಾನಿನ ಬದಲು ದುಡ್ಡು ಕೊಡುವ ನೆರವಿನ ಬಗ್ಗೆ ಮಾತೇ ಬರಲಿಲ್ಲ. ಅಂಗಡಿ ತೆರೆದಿರುವ ಊರಿನಲ್ಲಿ ದುಡ್ಡೇ ವಾಸಿ, ಹೆಂಗಸರು ತಮಗೆ ಬೇಕಾದ್ದನ್ನು ತಾವೇ ಕೊಳ್ಳುತ್ತಾರೆ. ತರಗತಿಯ ಹಾಲಿಗೆ ತಗಡಿನ ಚಾವಣಿ, ಬಳ್ಳಾರಿಯ ಬಿಸಿಲು, ಮೂಲೆಯಲ್ಲಿ ಎರಡು ಫ್ಯಾನು. ಹೆಂಗಸರಿಗೆ ಶೌಚಾಲಯ ಕೆಳಗಿನ ಮನೆಯವರದು, ಅವರು ಒಳ್ಳೆಯವರು ಎಂಬುದಷ್ಟೇ ಸಮಾಧಾನ.

ನಾನು ನೇರವಾಗಿ ಎತ್ತಿದ ತಕರಾರು ಒಂದೇ. ಸತ್ತ ಮಕ್ಕಳ ಫೋಟೋಗಳನ್ನು ಪರದೆಯ ಮೇಲೆ ಒಂದಾದ ಮೇಲೊಂದು ಹಾಕಿದರು. ಚಹಾ ಹೊತ್ತಿನಲ್ಲಿ ಸಾಹೇಬರನ್ನು ಬದಿಗೆ ಕರೆದು ಕೇಳಿದೆ, "ಸರ್, ಆ ಕೂಸಿನ ತಾಯಿಯನ್ನ ಕೇಳಿ ಈ ಫೋಟೋ ಹಾಕೀರೇನ್ರಿ?" ಜನರ ಮಾನ ಕಾಯಬೇಕು ಎಂದು ಬೆಳಿಗ್ಗೆ ಪಾಠ ಮಾಡಿ ಮಧ್ಯಾಹ್ನ ಹೀಗೆ ಮಾಡುವುದು ನನಗೆ ಸರಿ ಕಾಣಲಿಲ್ಲ. ಅವರು ವಾದ ಮಾಡಲಿಲ್ಲ. ಮುಂದಿನ ವಾರ ಒಂದೂ ಅಂಥ ಚಿತ್ರ ಇರಲಿಲ್ಲ, ಖಾಲಿ ಪಾತ್ರೆ, ಸಾಲು, ಲಾರಿ ಅಷ್ಟೇ. ಹೇಳಿದ್ದನ್ನು ಕೇಳಿ ತಿದ್ದಿಕೊಳ್ಳುವ ಗುಣ ಇರುವ ಕಡೆ ದುಡ್ಡು ಕೊಡಲು ನನಗೆ ಬೇಸರವಿಲ್ಲ.

ಊಟ ಚೆನ್ನಾಗಿದೆ. ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ, ಅನ್ನ ಸಾರು. ಬೆಳಿಗ್ಗೆ ಬೇಗ ಬಂದವರಿಗೆ ಒಗ್ಗರಣೆ ಮಿರ್ಚಿ.

ಹೋಗುವವರಿಗೆ: ಹತ್ತು ಗಂಟೆಗೆ ಸರಿಯಾಗಿ ಶುರು, ತಡವಾದರೆ ಒಳಗೆ ಬಿಟ್ಟರೂ ಅಣಕು ಆಟದಲ್ಲಿ ಸೇರಿಸುವುದಿಲ್ಲ. ಗಂಗಾವತಿ ಕಡೆಯವರು ಕಂಪ್ಲಿ, ಕುರುಗೋಡು ದಾರಿಯಲ್ಲಿ ಬರಬಹುದು. ಡ್ಯಾಮಿನಿಂದ ನೀರು ಬಿಟ್ಟು ಕಂಪ್ಲಿ ಸೇತುವೆ ಮುಳುಗಿದ್ದರೆ ಕಡೇಬಾಗಿಲು, ಬುಕ್ಕಸಾಗರದ ಸೇತುವೆ ಹಿಡಿಯಿರಿ, ಒಂದು ಗಂಟೆ ಮುಂಚೆ ಹೊರಡಿ. ದೊಡ್ಡ ನೋಟ್ ಪುಸ್ತಕ ಒಯ್ಯಿರಿ. ನಿಮ್ಮ ಊರಲ್ಲಿ ನೆರೆ ಕಿಟ್ ಹಂಚಿದ ಹಳೆಯ ಪಟ್ಟಿ ಇದ್ದರೆ ಅದನ್ನೂ ತೆಗೆದುಕೊಂಡು ಹೋಗಿ, ಮೇಡಂ ಒಂದೊಂದು ಕಾಲಂ ನೋಡಿ ಯಾವುದು ಬೇಕು ಯಾವುದು ಬೇಡ ಎಂದು ಹೇಳಿಕೊಡುತ್ತಾರೆ. ಮುಂದಿನ ತಂಡಕ್ಕೆ ನಮ್ಮ ಮಿಲ್ಲಿನ ಹಮಾಲಿ ಮೇಸ್ತ್ರಿಯ ಹೆಸರನ್ನೂ ಗೇಟಿನ ಗುಮಾಸ್ತನ ಹೆಸರನ್ನೂ ಬರೆಸಿದ್ದೇನೆ, ಫೀಸು ಕೊಡಲು ಮಾಲೀಕರು ಒಪ್ಪಿದ್ದಾರೆ.